ನಮ್ಮ ಗ್ರೇಡು, ಶೆಫೀಲ್ಡಿನ ಪಲ್ಪು

ನಾನು ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು 11 ವರ್ಷ. ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳ ಸಂಗೀತದ ಮಾತು ಬಂದರೆ ಮೊದಲ ಪ್ರಶ್ನೆ, "ಎಷ್ಟನೇ ಗ್ರೇಡ್?" ಅಂದರೆ ಸಂಗೀತ ಪರೀಕ್ಷೆಯ ಎಷ್ಟನೇ ಹಂತ ಅಂತ. ಐದು ಮುಗಿದರೆ ಸಮಾಧಾನ. ಎಂಟು ಮುಗಿದರೆ ಸರ್ಟಿಫಿಕೇಟಿನ ಫೋಟೊ ಊರಿಗೆ ಹೋಗುತ್ತದೆ. ಆಮೇಲೆ ಕೀಬೋರ್ಡು ಅಟ್ಟ ಸೇರುತ್ತದೆ. ನನ್ನ ಮಗಳದ್ದೂ ಅಲ್ಲೇ ಇದೆ.

ಮಗ ಮಾತ್ರ ಮೂವರು ಗೆಳೆಯರನ್ನು ಸೇರಿಸಿಕೊಂಡು ಬ್ಯಾಂಡ್ ಕಟ್ಟಿದ್ದಾನೆ. ಭಾನುವಾರ ಬಂತೆಂದರೆ ನಮ್ಮ ಗ್ಯಾರೇಜಿನಲ್ಲಿ ಗದ್ದಲ. ಗಿಟಾರಿನಲ್ಲಿ ನುಡಿಸಲು ಬರುವುದು ಮೂರು ಕಾರ್ಡ್ (ಸ್ವರಗುಚ್ಛ), ಹಾಡುಗಳು ಮಾತ್ರ ಸ್ವಂತದ್ದೇ. "ಇದರಿಂದ ಏನಾಗುತ್ತೋ?" ಅಂತ ಕೇಳಿದೆ. "ಪಲ್ಪ್‌ನವರಿಗೆ ಎಷ್ಟು ವರ್ಷ ಹಿಡೀತು ಗೊತ್ತಾ ಅಪ್ಪಾ?" ಅಂದ.

ಪಲ್ಪ್ ಅಂದರೆ ಶೆಫೀಲ್ಡಿನದೇ ಒಂದು ರಾಕ್ ಬ್ಯಾಂಡ್. ಎಷ್ಟು ವರ್ಷ ಅಂತ ನನಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಆ ಲೆಕ್ಕ ತಲೆಯಿಂದ ಹೋಗುತ್ತಿಲ್ಲ.

ಬ್ಯಾಂಡಿನ ಹಾಡುಗಾರ ಜಾರ್ವಿಸ್ ಕಾಕರ್ ಇದೇ ಊರಿನ ಶಾಲೆಯಲ್ಲಿ ಪಲ್ಪ್ ಶುರು ಮಾಡಿದ್ದು 1978ರಲ್ಲಿ. ಆಗ ಹದಿನೈದು ವರ್ಷ. 1981ರಲ್ಲಿ ಬಿಬಿಸಿ ರೇಡಿಯೊದ ಸಂಗೀತ ನಿರೂಪಕ ಜಾನ್ ಪೀಲ್ ಕೈಗೆ ಕ್ಯಾಸೆಟ್ ಕೊಟ್ಟ. ಅವರು ಕರೆಸಿ ರೆಕಾರ್ಡ್ ಮಾಡಿಸಿದರು. ಇನ್ನೇನು, ಗೆದ್ದ ಹಾಗೆ ಅಲ್ವಾ? ಇಲ್ಲ. ಜೊತೆಗಿದ್ದ ಹುಡುಗರು ಯೂನಿವರ್ಸಿಟಿಗೆ ಹೊರಟುಹೋದರು. ಪೀಲ್ ಕಾರ್ಯಕ್ರಮಕ್ಕೆ ಎರಡನೇ ಸಲ ರೆಕಾರ್ಡ್ ಮಾಡಿದ್ದು 1993ರಲ್ಲಿ! ನಡುವೆ 1983ರ ಆಲ್ಬಮ್ಮನ್ನು ಯಾರೂ ಕೊಳ್ಳಲಿಲ್ಲ, 1987ರದ್ದನ್ನೂ ಕೊಳ್ಳಲಿಲ್ಲ. 1989ರಲ್ಲಿ ರೆಕಾರ್ಡ್ ಮಾಡಿದ ಮೂರನೆಯದು ಅಂಗಡಿಗೆ ಬಂದಿದ್ದೇ 1992ಕ್ಕೆ. 1985ರಲ್ಲಿ ಈ ಮಹಾರಾಯ ಹುಡುಗಿಯೊಬ್ಬಳ ಮುಂದೆ ಸಾಹಸ ತೋರಿಸಲು ಹೋಗಿ ಕಿಟಕಿಯಿಂದ ಬಿದ್ದ. ಗಾಲಿ ಕುರ್ಚಿಯಲ್ಲಿ ಕೂತೇ ಸ್ಟೇಜ್ ಹತ್ತಿದ. ನಮ್ಮ ಮನೆಯಲ್ಲಾಗಿದ್ದರೆ ಅಲ್ಲಿಗೇ ಗಿಟಾರ್ ಮುಟ್ಟುವುದಿಲ್ಲ ಅಂತ ಆಣೆ ಹಾಕಿಸಿ, ಬಿ.ಕಾಂ.ಗೆ ಸೇರಿಸುತ್ತಿದ್ದರು.

1995ರಲ್ಲಿ ಪಲ್ಪ್‌ನ 'ಕಾಮನ್ ಪೀಪಲ್' ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದೇ ಬೇಸಿಗೆಯಲ್ಲಿ ಸ್ಟೋನ್ ರೋಸಸ್ ಬ್ಯಾಂಡಿನ ಗಿಟಾರ್ ವಾದಕ ಭುಜದ ಮೂಳೆ ಮುರಿದುಕೊಂಡ. ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಅವರಿಗಿದ್ದ ಶನಿವಾರ ರಾತ್ರಿಯ ದೊಡ್ಡ ಜಾಗ ಪಲ್ಪ್‌ಗೆ ಸಿಕ್ಕಿತು. ಶುರುವಾಗಿ 17 ವರ್ಷ ಆಗಿತ್ತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: 1996ರಲ್ಲಿ ವರ್ಷದ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ, ಹೆಸರು, ಹೆಸರಿನ ಸುಸ್ತು, 2002ರ ಹೊತ್ತಿಗೆ ಬಾಗಿಲು.

ಆ 17 ವರ್ಷ ಹೊಟ್ಟೆಗೆ ಏನು ಮಾಡಿದರು? ಇಲ್ಲಿನವರು 'ಡೋಲ್' ಅನ್ನುವ ನಿರುದ್ಯೋಗ ಭತ್ಯೆ ಇತ್ತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಊರು ಬಡವಾಗಿತ್ತು, ಹಾಗಾಗಿ ಖಾಲಿ ಕಟ್ಟಡಗಳು ಅಗ್ಗಕ್ಕೆ ಸಿಗುತ್ತಿದ್ದವು. ಜಾರ್ವಿಸ್ ಕೂಡ ಅಂಥದ್ದೇ ಹಳೇ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ವಾಸವಿದ್ದ. ನುಡಿಸಲು 1980ರಲ್ಲಿ ಶುರುವಾದ ಲೆಡ್‌ಮಿಲ್ ಅನ್ನುವ ಸಂಗೀತದ ತಾಣ ಇತ್ತು. ಗೆಲ್ಲದೆ ಇರುವುದಕ್ಕೂ ಒಂದು ಜಾಗ ಬೇಕು. ಅದು ಈ ಊರಲ್ಲಿತ್ತು.

ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಟ್ರ್ಯಾಕ್ ಹಾಕಿಕೊಂಡು ಸಿನಿಮಾ ಹಾಡು ಹಾಡುತ್ತೇವೆ. ಊರಿನ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲೂ ಅದೇ. ಜನಕ್ಕೆ ಗೊತ್ತಿರುವ ಹಾಡೇ ಆಗಬೇಕು. ಮೊದಲ ಸಾಲಿಗೇ ಎಲ್ಲರೂ ದನಿಗೂಡಿಸುವ ಖುಷಿ ಸಣ್ಣದಲ್ಲ, ನನಗೂ ಅದು ಬೇಕು. ಆದರೆ ಯಾರೂ ಕೇಳದ ಹಾಡನ್ನು ಹಿಡಿದು ನಿಂತವನಿಗೆ ಅಲ್ಲಿ ಐದು ನಿಮಿಷವೂ ಇಲ್ಲ. ಬೆಂಗಳೂರಿನ ರಾಕ್ ಬ್ಯಾಂಡ್ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ಸ್ವಂತ ಹಾಡು ಕಟ್ಟುತ್ತಿದೆ. ಸಂಘದಲ್ಲಿ ಹೆಸರು ಹೇಳಿದೆ, ಒಬ್ಬರಿಗೆ ಗೊತ್ತಿತ್ತು.

ಹಾಗಂತ ನಮ್ಮಲ್ಲಿ ತಾಳ್ಮೆಯೇ ಇಲ್ಲ ಅಂದರೆ ತಪ್ಪಾಗುತ್ತದೆ. ನಮ್ಮದು ಕುಂದಾಪುರದ ಕಡೆ. ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಮಳೆಗಾಲ ಕಳೆದರೆ ತಿರುಗಾಟ, ರಾತ್ರಿಯೆಲ್ಲ ಆಟ, ಹಗಲು ನಿದ್ದೆ. ಮೂವತ್ತು ವರ್ಷ ಹೀಗೇ. "ಯಾವಾಗ ದೊಡ್ಡ ಹೆಸರು ಮಾಡ್ತಿ?" ಅಂತ ಯಾರೂ ಅವರನ್ನು ಕೇಳಲಿಲ್ಲ. ಹರಕೆ ಆಟ ಆಡಿಸುವವರು ಸರದಿ ಹಚ್ಚಿ ಕಾಯುತ್ತಿದ್ದರು. ದೇವರ ಹೆಸರಿನಲ್ಲಿ ಮೇಳ ನಡೆಯುತ್ತಿತ್ತು. ಇಂಗ್ಲೆಂಡಿನ ಡೋಲ್ ಮಾಡಿದ ಕೆಲಸವನ್ನು ನಮ್ಮಲ್ಲಿ ಹರಕೆ ಮಾಡಿದೆ ಅನ್ನೋಣ. ದೊಡ್ಡಪ್ಪ ಇದನ್ನು ಕೇಳಿದರೆ ಬೈಯುತ್ತಾರೆ, ಅದು ಬೇರೆ ಮಾತು. ಅದೇ ನಾವು, ಮಗು ಕೀಬೋರ್ಡ್ ಮುಟ್ಟಿದರೆ ಮಾತ್ರ ಪರೀಕ್ಷೆಯ ದಿನ ಹುಡುಕುತ್ತೇವೆ.

ಇಲ್ಲಿಯೂ ಈಗ ಹಳೇ ಕಾಲ ಇಲ್ಲ. ಭತ್ಯೆ ನಂಬಿಕೊಂಡು ಹಾಡು ಬರೆಯುವುದು ಕಷ್ಟ, ಬಾಡಿಗೆ ಜಾಸ್ತಿ. ಲೆಡ್‌ಮಿಲ್ ನಡೆಸುತ್ತಿದ್ದವರು ಕಟ್ಟಡದ ಮಾಲೀಕರ ಜೊತೆಗಿನ ಕೋರ್ಟ್ ಜಗಳದಲ್ಲಿ ಸೋತು 2025ರಲ್ಲಿ ಜಾಗ ಖಾಲಿ ಮಾಡಿದರು. ಅದೇ ವರ್ಷ ಜೂನ್‌ನಲ್ಲಿ ಪಲ್ಪ್ 24 ವರ್ಷಗಳ ನಂತರ ಹೊಸ ಆಲ್ಬಮ್ ತಂದಿತು. ನೇರವಾಗಿ ಮೊದಲ ಸ್ಥಾನ. 2023ರಲ್ಲಿ ತೀರಿಕೊಂಡ ತಮ್ಮ ಬೇಸ್ ವಾದಕ ಸ್ಟೀವ್ ಮ್ಯಾಕಿಗೆ ಅದನ್ನು ಅರ್ಪಿಸಿದ್ದಾರೆ.

ಕಳೆದ ಭಾನುವಾರ ಅಮ್ಮ ವಿಡಿಯೊ ಕಾಲ್ ಮಾಡಿದ್ದರು. ಮೊಮ್ಮಗನಿಗೆ ಮೊದಲ ಪ್ರಶ್ನೆ ಅದೇ.

"ಎಷ್ಟನೇ ಗ್ರೇಡ್ ಆಯ್ತು ಮಗಾ?"

"ಗ್ರೇಡ್ ಇಲ್ಲ ಅಜ್ಜಿ. ಡ್ರಮ್ಮರ್ ಬಿಟ್ಟುಹೋದ. ಬೇರೆಯವನನ್ನ ಹುಡುಕ್ತಾ ಇದ್ದೀವಿ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನಿನ್ ದೊಡ್ಡಜ್ಜ ಸುಮ್ನೆ ಕೂತಿದ್ದಾರೆ, ಕಳಿಸ್ಲಾ?" ಅಂದರು.