ಗೊಂದಲ ಆಗುತ್ತೆ, ಸುಮ್ನಿರಿ

5.4 ಸೆಂಟಿಮೀಟರ್ ಅಂದರೆ ಎಷ್ಟು? ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು ನೋಡಿದೆ. ಹೆಚ್ಚುಕಮ್ಮಿ ಒಂದು ಬೆಂಕಿಪೊಟ್ಟಣದ ಉದ್ದ. ಉತ್ತರಾಖಂಡದ ಬೆಟ್ಟದೂರು ಜೋಶಿಮಠದ ನೆಲ 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರ ನಡುವೆ, ಬರೀ 12 ದಿನದಲ್ಲಿ, ಅಷ್ಟು ಕುಸಿದಿತ್ತು. ಹೈದರಾಬಾದಿನ ಇಸ್ರೋ ಕೇಂದ್ರದವರು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದರು. ಪಾಪ, ಅಷ್ಟಕ್ಕೇ ಸುಮ್ನಿದ್ದಿದ್ದರೆ ಆಗುತ್ತಿತ್ತು. ವೆಬ್‌ಸೈಟಿಗೂ ಹಾಕಿಬಿಟ್ಟರು.

ಜನವರಿ 13ಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದಿಂದ ಪತ್ರ ಬಂತು. ಸಂಸ್ಥೆಗಳವರು ಮಾಧ್ಯಮದ ಜೊತೆ ಮಾತಾಡುತ್ತಿದ್ದಾರೆ, ಸೋಷಿಯಲ್ ಮೀಡಿಯಾದಲ್ಲಿ ಅಂಕಿಅಂಶ ಹಾಕುತ್ತಿದ್ದಾರೆ, ಜನರಿಗೆ ಗೊಂದಲ ಆಗುತ್ತಿದೆ. ಅಂತಿಮ ವರದಿ ಬರುವವರೆಗೆ ಬಾಯಿಗೆ ಬೀಗ. ಪತ್ರದ ತಿರುಳು ಇಷ್ಟು. ಇಸ್ರೋ ವರದಿ ವೆಬ್‌ಸೈಟಿನಿಂದ ಮಾಯ! ನೆಲ ಕುಸಿಯೋಕೆ 12 ದಿನ ಹಿಡಿದಿತ್ತು. ವರದಿ ಅದಕ್ಕಿಂತ ಚುರುಕು.

ಈ ಗೊಂದಲ ಆಗಿದ್ದು ಯಾರಿಗೆ ಅನ್ನೋದೇ ನನಗೆ ತಿಳಿಯಲಿಲ್ಲ. ಅಲ್ಲಿ 800ಕ್ಕೂ ಜಾಸ್ತಿ ಕಟ್ಟಡಗಳು ಬಿರುಕು ಬಿಟ್ಟಿದ್ದವು. ಮನೆ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು. ಎರಡು ಹೋಟೆಲ್ಲುಗಳು ಸಂಜೆ ಹೊತ್ತು ಮನೆಗೆ ಹೊರಟ ಕುಡುಕರ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಗಂಟುಮೂಟೆ ಕಟ್ಟುತ್ತಿದ್ದ ಜನ ಇಸ್ರೋ ವೆಬ್‌ಸೈಟ್ ನೋಡಿ ಗಾಬರಿಯಾದರು ಅಂತೀರಾ?

ಹಾಗಂತ ವಿಜ್ಞಾನಿಗಳು ಮಾತಾಡಲೇಬಾರದು ಅಂತ ಯಾರೂ ಹೇಳಿಲ್ಲ. ರಾಕೆಟ್ ಹಾರಿದ ದಿನ ಎಷ್ಟು ಬೇಕಾದರೂ ಮಾತಾಡಲಿ. ಅದರ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗಲಿ, ಕ್ಯಾಮೆರಾಗಳು ಮೆಟ್ಟಿಲವರೆಗೂ ಬರುತ್ತವೆ. ಮೇಲೆ ಹೋಗಿದ್ದನ್ನು ಹೇಳಿದರೆ ದೇಶಸೇವೆ. ಕೆಳಗೆ ಹೋಗಿದ್ದನ್ನು ಹೇಳಿದರೆ ಗೊಂದಲ.

ಬಾಯಿಬಿಟ್ಟು ಹೇಳಿದವರ ಗತಿಯೂ ಗೊತ್ತಲ್ಲ. ಜೋಶಿಮಠ ನಿಂತಿರುವುದೇ ಹಳೇ ಭೂಕುಸಿತದ ರಾಶಿ ಮೇಲೆ, ಬಂಡೆ ಕೀಳಬೇಡಿ, ಸಿಡಿಮದ್ದು ಇಡಬೇಡಿ ಅಂತ ಸರ್ಕಾರವೇ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. ಅದರಿಂದ ಯಾರಿಗೂ ಗೊಂದಲ ಆಗಲಿಲ್ಲ. ಓದಿದರೆ ತಾನೇ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟು, ಇದನ್ನು ಗ್ರಾಮಸಭೆಗಳ ಮುಂದಿಡಿ ಅಂದರು. ಗ್ರಾಮಸಭೆ ಹಾಗಿರಲಿ, ಅದು ಕಪಾಟಿನಿಂದ ಹೊರಬರೋದಕ್ಕೇ ಕೋರ್ಟ್‌ವರೆಗೆ ಹೋಗಬೇಕಾಯ್ತು.

ಅಂದಹಾಗೆ, ಜೋಶಿಮಠದ ಆ ಅಂತಿಮ ವರದಿಗಳು? ತಯಾರಾದ ಮೇಲೂ ತಿಂಗಳುಗಟ್ಟಲೆ ಒಳಗೇ ಇದ್ದವು. ಹೈಕೋರ್ಟ್ ಯಾಕ್ರೀ ಗುಟ್ಟು ಅಂತ ಕೇಳಿದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ ಹೊರಬಂದವು.

ಇದರಿಂದ ನಾನೂ ಒಂದು ಪಾಠ ಕಲಿತೆ. ನಮ್ಮನೆ ಹಾಲಿನ ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಅದರ ಮೇಲೊಂದು ಕ್ಯಾಲೆಂಡರ್ ನೇತುಹಾಕಿದೆ. ಮೊನ್ನೆ ಮೇಸ್ತ್ರಿ ಬಂದವನು ಕ್ಯಾಲೆಂಡರ್ ಎತ್ತಿ ನೋಡಿ, "ಸಾರ್, ಇದು ಪಾಯದಿಂದಲೇ..." ಅಂತ ಶುರು ಮಾಡಿದ.

"ಮಕ್ಕಳಿದ್ದಾರೆ ಮಾರಾಯ, ಮೆಲ್ಲಗೆ," ಅಂದೆ. "ಮೊದಲು ಕಾಫಿ ಕುಡಿ."