ಸಂತೆಯಿಂದ ತಂದ ಹಾವು, ಸಂತೆಯಿಂದ ತಂದ ಹಸು

ಜರ್ಮನಿಯ ಹಾಮ್ ನಗರದಲ್ಲಿ ವರ್ಷಕ್ಕೆ ಕೆಲವು ಬಾರಿ ಸರೀಸೃಪಗಳ ದೊಡ್ಡ ಸಂತೆ ನೆರೆಯುತ್ತದೆ. ಡಬ್ಬಿಗಳಲ್ಲಿ ಸುರುಳಿ ಸುತ್ತಿ ಮಲಗಿದ ಹಾವುಗಳನ್ನು ಜನ ಕೊಂಡೊಯ್ಯುವುದನ್ನು ಮೊದಲು ಕಂಡಾಗ, ನಾಗಬನದ ಒಣಕಡ್ಡಿಯನ್ನೂ ಮುರಿಯದ ಪುತ್ತೂರಿನ ಕಡೆಯವನಾದ ನನಗೆ ಅದು ಅಪಚಾರವೆಂದೇ ತೋರಿತ್ತು. ಹನ್ನೆರಡು ವರ್ಷ ಇಲ್ಲಿ ಕಳೆದ ಮೇಲೆ, ಸಾಕುವುದು ಸರಿಯೇ ಎಂಬುದಕ್ಕಿಂತ ಸಾಕಿದವರು ರೋಗಕ್ಕೆ ಎಷ್ಟು ಅಂಜುತ್ತಾರೆ ಎಂಬುದನ್ನೇ ನಾನು ಹೆಚ್ಚು ಗಮನಿಸುತ್ತೇನೆ.

ನನ್ನ ನೆರೆಯವರು ಹೊಸ ಹಾವನ್ನು ತಂದರೆ ಬೇರೆ ಕೋಣೆಯಲ್ಲಿ, ಬರಿಯ ಬಿಳಿ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಕನಿಷ್ಠ ಮೂರು ತಿಂಗಳು, ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಹಿಸುಕುವ ಬೋವಾ ಜಾತಿಯ ಹಾವಾದರೆ ಆರು ತಿಂಗಳು ಇಡುತ್ತಾರೆ. ನೀರಿನ ಬಟ್ಟಲು, ಇಕ್ಕಳಗಳು ಅದಕ್ಕೇ ಮೀಸಲು. ಹಳೆಯ ಹಾವುಗಳ ಆರೈಕೆ ಮುಗಿದ ನಂತರವೇ ಹೊಸದರ ಕೋಣೆಗೆ ಹೋಗುತ್ತಾರೆ. ರಕ್ತ ಹೀರುವ, ಚುಕ್ಕಿಯಷ್ಟೇ ಇರುವ ಕಪ್ಪು ನುಸಿಗಳು ಬಿಳಿ ಕಾಗದದ ಮೇಲೆ ಬೇಗ ಕಣ್ಣಿಗೆ ಬೀಳುತ್ತವೆ, ಮಲದಲ್ಲಿನ ವ್ಯತ್ಯಾಸವೂ ತಿಳಿಯುತ್ತದೆ.

ಈ ಕಟ್ಟುನಿಟ್ಟಿಗೆ ಅವರು ಬೆಲೆ ತೆತ್ತಿದ್ದಾರೆ. ಕೋಣೆ ಖಾಲಿ ಇಲ್ಲವೆಂದು ಒಮ್ಮೆ ಹೊಸ ಬೋವಾವನ್ನು ಹೆಬ್ಬಾವುಗಳ ಪಕ್ಕದಲ್ಲೇ ಇಟ್ಟಿದ್ದರು. ಬೋವಾ ಆರೋಗ್ಯವಾಗಿಯೇ ಕಾಣುತ್ತಿತ್ತು. ಆದರೆ ಕೆಲವು ತಿಂಗಳಲ್ಲಿ ಹೆಬ್ಬಾವೊಂದು ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲೆಯೇ ನೋಡುತ್ತ ಉಳಿಯಿತು, ಅಂಗಾತ ಮಾಡಿದರೆ ತಿರುಗಿ ಮಗುಚಿಕೊಳ್ಳಲಾರದಾಯಿತು. ಅದು ಇನ್‌ಕ್ಲೂಷನ್ ಬಾಡಿ ಡಿಸೀಸ್, ಸಾಕುವವರ ಮಾತಿನಲ್ಲಿ ಐಬಿಡಿ. 1970ರ ದಶಕದಿಂದ ಕಾಣುತ್ತಿದ್ದ ಈ ರೋಗಕ್ಕೂ ಅರೆನಾವೈರಸ್ ಎಂಬ ವೈರಸ್ ಗುಂಪಿಗೂ ಇರುವ ನಂಟನ್ನು ಸಂಶೋಧಕರು 2012ರಲ್ಲಿ ಗುರುತಿಸಿದರು. ಇದಕ್ಕೆ ಔಷಧಿಯಿಲ್ಲ, ಲಸಿಕೆಯೂ ಇಲ್ಲ. ಬೋವಾ ವರ್ಷಗಟ್ಟಲೆ ಲಕ್ಷಣ ತೋರದೆ ಸೋಂಕನ್ನು ಹೊತ್ತಿರಬಲ್ಲದು, ಹೆಬ್ಬಾವು ಬೇಗ ಕುಸಿಯುತ್ತದೆ. ನುಸಿಗಳೂ ಸೋಂಕನ್ನು ದಾಟಿಸುತ್ತವೆಂಬ ಶಂಕೆಯಿದೆ. ಅವರು ಮೂರು ಹಾವುಗಳನ್ನು ವೈದ್ಯರ ಕೈಯಿಂದ ನೋವಿಲ್ಲದೆ ಕೊನೆಗಾಣಿಸಬೇಕಾಯಿತು; ಆ ಸಂಜೆ ಅವರ ಮುಖ ನೋಡಿದ ಮೇಲೆ ಹಾವಿನ ಮೇಲೂ ಮಮತೆ ಇರುತ್ತದೆಯೇ ಎಂದು ನಾನು ಯಾರನ್ನೂ ಕೇಳಿಲ್ಲ.

ಇದೆಲ್ಲ ನಮಗೆ ಹೊಸತೆಂದು ನಾನು ಒಪ್ಪುವುದಿಲ್ಲ. ಜಾತ್ರೆಯಿಂದ ತಂದ ಹಸುವನ್ನು ನನ್ನ ಅಜ್ಜಿ ನೇರವಾಗಿ ಕೊಟ್ಟಿಗೆಗೆ ಸೇರಿಸುತ್ತಿರಲಿಲ್ಲ. ಕಾಲುಬಾಯಿ ಜ್ವರದ ಭಯದಿಂದ ತೋಟದ ಅಂಚಿನ ಮಾಡಿನಡಿ ಕಟ್ಟಿಸಿ, ಅದಕ್ಕೆ ಬೇರೆಯೇ ಬಾನಿಯಲ್ಲಿ ಅಕ್ಕಚ್ಚು ಇಡುತ್ತಿದ್ದರು. ಊರಿನಲ್ಲಿ ಹಾವನ್ನು ದೂರವಿಟ್ಟದ್ದು ಭಕ್ತಿಯಿಂದ. 1972ರ ವನ್ಯಜೀವಿ ಕಾಯ್ದೆಯೂ ನಮ್ಮ ಕಾಡಿನ ಹಾವುಗಳನ್ನು ಮನೆಯಲ್ಲಿ ಸಾಕಲು ಬಿಡುವುದಿಲ್ಲ, ಅದು ಸರಿಯೂ ಹೌದು. ಆದರೆ ಇಂದು ಬೆಂಗಳೂರಿನ ಮನೆಗಳಿಗೆ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವುಗಳು ಬಂದಿವೆ. 2024ರ ನಿಯಮಗಳಂತೆ ಅವನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವುದು ಅಗತ್ಯವೇ, ಆದರೆ ಪಕ್ಕದ ಪೆಟ್ಟಿಗೆಗೆ ಹರಿದಾಡುವ ನುಸಿಯನ್ನು ನೋಂದಣಿ ತಡೆಯುವುದಿಲ್ಲ. ನಮ್ಮವರು ಇಲ್ಲಿಯವರಿಂದ ಸಾಕುವ ಹವ್ಯಾಸವನ್ನು ಪಡೆದರು, ಕಾಯುವ ತಾಳ್ಮೆಯನ್ನು ಪಡೆಯಲಿಲ್ಲ. ಅಜ್ಜಿಯಿಂದ ಬರಬಹುದಾಗಿದ್ದ ತಾಳ್ಮೆಯನ್ನೂ ಮರೆತರು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಕಳೆದ ತಿಂಗಳು ಎರಡನೆಯ ಬಾಲ್ ಪೈಥಾನ್ ತಂದು, ಅದನ್ನು ಮೊದಲನೆಯದರ ಕಪಾಟಿನಲ್ಲೇ ಇಟ್ಟಿದ್ದ. ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿದ ಮೇಲೆ ಅದನ್ನು ಮಹಡಿಯ ಕೋಣೆಗೆ ಒಯ್ದ. ಮರುದಿನ ಬಿಳಿ ಕಾಗದದ ಚಿತ್ರ ಕಳಿಸಿ, "ಮಾವ, ಈ ಕಪ್ಪು ಚುಕ್ಕಿಗಳು ಅದೇ ಏನು?" ಎಂದು ಕೇಳಿದ. ಅದೇ ಆಗಿತ್ತು.