ನೆರಳು ಕಟ್ಟಿದರು, ಊರು ಕಟ್ಟುವುದು ಬಾಕಿ ಇದೆ

ಕಳೆದ ತಿಂಗಳು ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಆರ್ಕಿಟೆಕ್ಚರ್ ಕೊನೆಯ ವರ್ಷ. "ಮಾವ, ಮರುಭೂಮಿಯಲ್ಲಿ ಒಂದು ಹೊಸ ಊರು ಪ್ಲಾನ್ ಮಾಡ್ಬೇಕು. ಒಳಗೆ ಕಾರು ಇರಬಾರದು, ಎಲ್ಲರೂ ನಡೆದೇ ಓಡಾಡಬೇಕು, ಕರೆಂಟು ಸೂರ್ಯನಿಂದಲೇ ಬರಬೇಕು. ನೀವು ಅಬುಧಾಬಿಯಲ್ಲೇ ಇದ್ದೀರಲ್ಲ, ಮಸ್ದರ್ ಹೇಗಿದೆ ಹೇಳಿ" ಅಂದಳು. ಮಸ್ದರ್ ಅಂದರೆ ಅಬುಧಾಬಿಯವರು ಮರುಭೂಮಿಯಲ್ಲಿ ಇಂಥದೇ ಊರು ಕಟ್ಟಲು ಹೊರಟ ಯೋಜನೆ. ಹೇಳಲು ಹೊರಟರೆ ಮಾತು ಎಲ್ಲೆಲ್ಲೋ ಹೋಯಿತು. ಗಲ್ಫ್‌ನಲ್ಲಿರುವ ನಮ್ಮ ಕಡೆಯವರು ತುಂಬಾ ಜನ ಇಲ್ಲಿ ಓದುತ್ತೀರಿ. ನಿಮಗೂ ಇದರಲ್ಲಿ ಹೇಳುವುದು ಇರಬಹುದು ಅಂತ ಇಲ್ಲೇ ಬರೆಯುತ್ತಿದ್ದೇನೆ.

ನಾನು ಎಸಿ ಡಕ್ಟ್ ಹಾಕುವ ಕಂಪನಿಯಲ್ಲಿ ಎಸ್ಟಿಮೇಟ್ ಮಾಡುವವನು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಎಸಿ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು. ಅದು ಬಿಸಿಯನ್ನು ಇಲ್ಲವಾಗಿಸುವುದಿಲ್ಲ. ಕೋಣೆಯ ಒಳಗಿನ ಬಿಸಿಯನ್ನು ತೆಗೆದು ಹೊರಗೆ ದಾರಿಗೆ ಎಸೆಯುತ್ತದೆ. ಒಳಗಿದ್ದವನಿಗೆ ತಂಪು, ನಡೆದು ಹೋಗುವವನಿಗೆ ಮುಖಕ್ಕೆ ಬಿಸಿ ಗಾಳಿ. ಜುಲೈ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ದಾಟುತ್ತದೆ. ಕಡಲು ಪಕ್ಕದಲ್ಲೇ ಇರುವುದರಿಂದ ರಾತ್ರಿಯಾದರೂ ಬೆವರು ಆರುವುದಿಲ್ಲ. ಅಂಥ ಕಡೆ ನಡೆದು ಓಡಾಡುವ ಊರು ಕಟ್ಟುತ್ತೇವೆ ಎಂದು ಹೊರಟದ್ದೇ ದೊಡ್ಡ ಮಾತು. ಮಸ್ದರ್ ಬಗ್ಗೆ ನನಗೆ ಎಷ್ಟೇ ತಕರಾರು ಇದ್ದರೂ ಆ ಪ್ರಯತ್ನದ ಮೇಲೆ ಗೌರವ ಇದೆ.

ಯೋಜನೆ ಘೋಷಣೆಯಾದದ್ದು 2006ರಲ್ಲಿ. ವಿಮಾನ ನಿಲ್ದಾಣದ ಹತ್ತಿರ ಸುಮಾರು 6 ಚದರ ಕಿಲೋಮೀಟರ್ ಜಾಗ. ಬ್ರಿಟನ್ನಿನ ನಾರ್ಮನ್ ಫೋಸ್ಟರ್ ಅವರ ಸಂಸ್ಥೆ ನಕ್ಷೆ ಮಾಡಿತು. 2008ರಲ್ಲಿ ಕೆಲಸ ಶುರು. ಆಗ ಹೇಳಿದ ಖರ್ಚು 22 ಬಿಲಿಯನ್ ಡಾಲರ್, 2016ಕ್ಕೆ ಮುಗಿಸುತ್ತೇವೆ ಎಂಬ ಮಾತು, 40ರಿಂದ 50 ಸಾವಿರ ಜನ ವಾಸ ಮಾಡುವ ಊರು, ಇಂಗಾಲದ ಹೊಗೆ ಸೊನ್ನೆ. ಆಮೇಲೆ ಜಗತ್ತಿಗೆಲ್ಲ ಹಣದ ಬಿಕ್ಕಟ್ಟು ಬಂತು. ಮುಗಿಸುವ ವರ್ಷ ಮುಂದೆ ಮುಂದೆ ಹೋಗಿ ಈಗ 2030ಕ್ಕೆ ಬಂದು ನಿಂತಿದೆ. 2016ಕ್ಕೆ ಕಟ್ಟಿ ಮುಗಿದದ್ದು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಆದರೆ ಕಟ್ಟಿದಷ್ಟನ್ನು ಚೆನ್ನಾಗಿಯೇ ಕಟ್ಟಿದ್ದಾರೆ. 2014ರಲ್ಲಿ ಅಮ್ಮ ಮೂರು ತಿಂಗಳಿಗೆಂದು ಇಲ್ಲಿ ಬಂದಿದ್ದರು. ಉಡುಪಿಯಲ್ಲಿ ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ನಡೆದು, ಬರುವಾಗ ತರಕಾರಿ ತಂದು ಅಭ್ಯಾಸ. ಇಲ್ಲಿ ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಕೂತುಬಿಟ್ಟರು. ಎದುರಿಗೇ ಸೂಪರ್ ಮಾರ್ಕೆಟ್ ಕಾಣುತ್ತದೆ. ನಡುವೆ ಆರು ಸಾಲಿನ ರಸ್ತೆ. ದಾಟಬೇಕಾದರೆ ಸಿಗ್ನಲ್ಲಿನ ತನಕ ಬಿಸಿಲಲ್ಲಿ ನಡೆದು ಹೋಗಿ, ಅಷ್ಟೇ ದೂರ ವಾಪಸ್ ಬರಬೇಕು. ನಡುವೆಯೇ ದಾಟಿದರೆ ಆಗ 200 ದಿರ್ಹಮ್ ದಂಡ ಇತ್ತು. ಒಂದು ವಾರ ಪ್ರಯತ್ನಪಟ್ಟು ಬಿಟ್ಟರು. "ಜೈಲಿನ ಹಾಗೆ ಆಗಿದೆ ಮಗಾ" ಅಂದದ್ದು ಈಗಲೂ ಕಿವಿಯಲ್ಲಿ ಇದೆ.

ಮೇ ತಿಂಗಳ ಒಂದು ಸಂಜೆ, ಇನ್ನೂ ಬಿಸಿಲು ಇಳಿದಿರಲಿಲ್ಲ, ಅವರನ್ನು ಮಸ್ದರ್‌ಗೆ ಕರೆದುಕೊಂಡು ಹೋದೆ. ಪಾರ್ಕಿಂಗಿನಿಂದ ಒಳಗೆ ಹೋಗಲು ಚಾಲಕನಿಲ್ಲದ ಪುಟ್ಟ ಗಾಡಿ. ಅಮ್ಮನಿಗೆ ಅದೇ ಒಂದು ಸೋಜಿಗ. ಇಳಿದು ಮೆಟ್ಟಿಲು ಹತ್ತಿ ಓಣಿಗೆ ಬಂದ ಕೂಡಲೇ ತಲೆ ಮೇಲಿನ ಸೆರಗು ತೆಗೆದರು. ಕೈ ಗೋಡೆಗೆ ಇಟ್ಟು ನೋಡಿದರು. "ಗೋಡೆ ಸುಡುವುದಿಲ್ಲ ಅಲ್ವಾ!" ಅಂದರು. ಮರಳಿನ ಕೆಂಪು ಬಣ್ಣದ, ಅಲೆಅಲೆಯಾದ ಗೋಡೆ, ಅದರಲ್ಲಿ ಜಾಲಂಧ್ರದ ಹಾಗೆ ತೂತುಗಳು. ಓಣಿ ಅಗಲ ಇಲ್ಲ, ಎರಡೂ ಕಡೆ ನಾಲ್ಕೈದು ಅಂತಸ್ತು. ಒಂದು ಗೋಡೆಯ ನೆರಳು ಇನ್ನೊಂದರ ಮೇಲೆ ಬಿದ್ದಿರುತ್ತದೆ. ಬಿಸಿಲೇ ಬೀಳದ ಗೋಡೆ ಸುಡುವುದಾದರೂ ಹೇಗೆ? ಮೈಗೆ ತಟ್ಟುವ ಬಿಸಿ ಹೊರಗಿನ ಬಯಲಿಗಿಂತ 15ರಿಂದ 20 ಡಿಗ್ರಿ ಕಡಿಮೆ ಎಂದು ಕಟ್ಟಿದವರು ಹೇಳುತ್ತಾರೆ. ನನ್ನ ಹತ್ತಿರ ಅಳತೆ ಇಲ್ಲ, ಆದರೆ ಅಮ್ಮ ಅಲ್ಲಿ ಮುಕ್ಕಾಲು ಗಂಟೆ ನಡೆದರು. ಬಂದ ಮೇಲೆ ಅಷ್ಟು ಹೊತ್ತು ಹೊರಗೆ ನಡೆದದ್ದು ಅದೇ ಮೊದಲು.

ಅಂಗಳದಲ್ಲಿ ಗಾಳಿಗೋಪುರ ಇದೆ. 45 ಮೀಟರ್ ಎತ್ತರ. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗೆ ಇಳಿಸುತ್ತದೆ. ಜೊತೆಗೆ ನೀರಿನ ಹನಿ ಸಿಂಪಡಿಸುವ ವ್ಯವಸ್ಥೆಯೂ ಉಂಟು. ಇದೇನು ಹೊಸ ಉಪಾಯವಲ್ಲ. ದುಬೈ ಖೋರ್ ಎಂಬ ಹಿನ್ನೀರಿನ ಬದಿಯ ಅಲ್ ಫಹೀದಿ ಎಂಬ ಹಳೇ ಕೇರಿಗೆ ಹೋಗಿ ನೋಡಿ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ನೂರು ವರ್ಷಕ್ಕೂ ಹಿಂದೆ ಕಟ್ಟಿಕೊಂಡ ಮನೆಗಳು. ಹವಳದ ಕಲ್ಲಿನ ದಪ್ಪ ಗೋಡೆ, ಹಲವು ಮನೆಗಳಿಗೆ ಗಾಳಿ ಹಿಡಿಯುವ ಬರ್ಜೀಲ್ ಎಂಬ ಚೌಕ ಗೋಪುರ, ನಡುವೆ ಇಬ್ಬರು ಎದುರುಬದುರಾದರೆ ಭುಜ ತಾಗುವಂಥ ಓಣಿ. ಓಣಿಗೆ ಸಿಕ್ಕಾ ಎನ್ನುತ್ತಾರೆ. ಕರೆಂಟೇ ಇಲ್ಲದ ಕಾಲದಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಆ ಓಣಿಗಳಲ್ಲೇ ಬದುಕಿದರು. ಆಮೇಲೆ ಎಣ್ಣೆ ಬಂತು, ಕಾರು ಬಂತು, ಎಸಿ ಬಂತು. 1980ರ ದಶಕದಲ್ಲಿ ಅದರಲ್ಲಿ ಒಂದಷ್ಟು ಕೆಡವಿಯೂ ಬಿಟ್ಟರು. ಕೆಡವಿದ ವಿದ್ಯೆಯನ್ನೇ ಮತ್ತೆ ಮಸ್ದರ್‌ನಲ್ಲಿ ಕಲಿತು ಕಟ್ಟಬೇಕಾಯಿತು.

ಅಂಗಳದ ಬೆಂಚಿನಲ್ಲಿ ಕೂತು ಅಮ್ಮ ಸುತ್ತ ನೋಡಿದರು. "ಚಂದ ಉಂಟು. ಆದ್ರೆ ಇಲ್ಲಿ ಮಕ್ಕಳೂ ಇಲ್ಲ, ಪ್ರಾಯ ಆದವರೂ ಇಲ್ಲ. ಇದು ಊರಾ, ಕಾಲೇಜಾ?" ಅಂದರು. ನಿಜಕ್ಕೂ ಅದು ಆಗ ಕಾಲೇಜೇ. ಅಲ್ಲಿ ವಾಸ ಇದ್ದವರು ಹೆಚ್ಚಾಗಿ ಮಸ್ದರ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು. ಉಳಿದವರು ಬೆಳಿಗ್ಗೆ ಕಾರಿನಲ್ಲಿ ಬಂದು, ಆಫೀಸು ಮುಗಿಸಿ ಸಂಜೆ ಕಾರಿನಲ್ಲಿ ಹೋಗುವವರು.

ಆ ಪುಟ್ಟ ಗಾಡಿಗಳ ಕಥೆ ಹೇಳಲೇಬೇಕು. ಮೊದಲ ನಕ್ಷೆಯಲ್ಲಿ ಇಡೀ ಊರನ್ನೇ ಕಂಬಗಳ ಮೇಲೆ ಎತ್ತಿ, ಮೇಲೆ ಜನ ನಡೆಯುವುದು, ಕೆಳಗೆ ಸಾವಿರಾರು ಚಾಲಕರಹಿತ ಗಾಡಿಗಳು ಓಡುವುದು ಅಂತ ಇತ್ತು. ಅಷ್ಟೂ ಮರಳಿನ ಮೇಲೆ ಕಾಂಕ್ರೀಟಿನ ಅಟ್ಟ! 2010ರಲ್ಲಿ ಗಾಡಿಗಳು ಓಡಲು ಶುರುವಾದವು, ಎರಡು ನಿಲ್ದಾಣ, ನಡುವೆ ಸುಮಾರು 800 ಮೀಟರ್. ಅದೇ ಹೊತ್ತಿಗೆ ಯೋಜನೆಯನ್ನು ಮತ್ತೆ ಲೆಕ್ಕ ಹಾಕಿ, ಉಳಿದ ಊರಿಗೆ ಈ ಅಟ್ಟ ಬೇಡ ಎಂದು ಕೈಬಿಟ್ಟರು. ಎಸ್ಟಿಮೇಟ್ ಮಾಡುವವನಾಗಿ ಹೇಳುತ್ತೇನೆ, ಬಿಟ್ಟದ್ದು ಸರಿ. ಆದರೆ ಅಟ್ಟ ಹೋದದ್ದರ ಜೊತೆಗೆ, ಕಾರು ಒಳಗೆ ಬರಬಾರದು ಎಂಬ ಹಟವೂ ಸಡಿಲವಾಯಿತು. ಅದು ನನಗೆ ಬೇಸರದ ಸಂಗತಿ. ಕಾರನ್ನು ಊರಿನ ಅಂಚಿನಲ್ಲಿ ನಿಲ್ಲಿಸಲು ಅಷ್ಟು ದೊಡ್ಡ ಅಟ್ಟವೇ ಬೇಕಿರಲಿಲ್ಲ. ಓಣಿಯನ್ನು ಕಿರಿದು ಮಾಡಿದರೆ ಸಾಕು, ಕಾರು ತಾನಾಗಿ ಹೊರಗೆ ಉಳಿಯುತ್ತದೆ. ದುಬೈಯ ಸಸ್ಟೇನಬಲ್ ಸಿಟಿಯಲ್ಲಿ 500 ವಿಲ್ಲಾಗಳಿವೆ. ಅಲ್ಲಿ ಕಾರುಗಳೆಲ್ಲ ಅಂಚಿನಲ್ಲೇ ನಿಲ್ಲುತ್ತವೆ, ಒಳಗಡೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಆ ವಿಲ್ಲಾದ ಬಾಡಿಗೆ ನಮ್ಮಂಥವರಿಗೆ ಎಟುಕುವುದಿಲ್ಲ, ಅದು ಬೇರೆ ವಿಷಯ.

ಅಲ್ಲ, ಬೇರೆ ವಿಷಯ ಅಲ್ಲ. ಅದೇ ವಿಷಯ.

ಕಳೆದ ಆಗಸ್ಟಿನಲ್ಲಿ ಒಂದು ಸೈಟ್ ಮೀಟಿಂಗಿಗೆ ಮಸ್ದರ್‌ಗೆ ಹೋಗಿದ್ದೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಕಾನೂನು. ಆ ಹೊತ್ತಿಗೆ ಓಣಿಯ ಒಂದು ಮೂಲೆಯಲ್ಲಿ ಗುಡಿಸುವ ಕೆಲಸದವರೊಬ್ಬರು ರಟ್ಟು ಹಾಸಿ ಕೂತಿದ್ದರು. ತೆಲಂಗಾಣದವರು, ಐವತ್ತರ ಮೇಲೆ ವಯಸ್ಸು. ಸ್ಟೀಲ್ ಡಬ್ಬಿಯಲ್ಲಿ ಅನ್ನ, ಬೇಳೆ, ಮುಚ್ಚಳದಲ್ಲಿ ಒಂದು ಚೂರು ಉಪ್ಪಿನಕಾಯಿ. ಹಿಂದಿಯಲ್ಲೇ ಮಾತಾಡಿದೆವು. ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಲ್ಲಿ ರೂಮು. ನಾಲ್ಕಕ್ಕೆ ಎದ್ದು ಅಡುಗೆ ಮಾಡಿಟ್ಟು ಐದಕ್ಕೆ ಕಂಪನಿ ಬಸ್ಸು ಹತ್ತುತ್ತಾರಂತೆ. "ರೂಮಿಗಿಂತ ಇಲ್ಲೇ ಚೆನ್ನಾಗಿದೆ ಸಾಬ್, ಗಾಳಿ ಬರುತ್ತೆ" ಅಂದರು. ಡಬ್ಬಿ ತೊಳೆದು, ರಟ್ಟನ್ನು ಮಡಚಿ ಗೋಡೆಯ ಸಂದಿಯಲ್ಲಿ ಇಟ್ಟರು, ನಾಳೆಗೆ.

ಆ ನೆರಳಿನ ಬೆಲೆ ಆ ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅವರಿಗೆ. ಆದರೆ ನಕ್ಷೆಯಲ್ಲಿ ಅವರಿಗೆ ಮನೆ ಇಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮೇಲಿನ ಆಫೀಸಿನವರೂ ಕಾರಿನಲ್ಲಿ ಹೋಗಿ ಬರುತ್ತಾರೆ. ಹಾಗಾದರೆ ನಡೆಯುವವರು ಯಾರು? ಕಾರಿನಿಂದ ಆಫೀಸಿನ ಬಾಗಿಲ ತನಕ ನಡೆಯುವುದನ್ನು ನಡೆದಾಡುವ ಊರು ಅನ್ನಲಿಕ್ಕೆ ಆಗುವುದಿಲ್ಲ.

ಇದಕ್ಕೆ ಹೋಲಿಸಿದರೆ ಅಬುಧಾಬಿಯ ಹಳೇ ಪೇಟೆ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಓಣಿಗಳು. ಅಲ್ಲಿಗೆ ಯಾರೂ ಪ್ರಶಸ್ತಿ ಕೊಟ್ಟಿಲ್ಲ. ಎಸಿ ನೀರು ತಲೆ ಮೇಲೆ ತೊಟ್ಟಿಕ್ಕುತ್ತದೆ, ಕಾರುಗಳು ಎಲ್ಲೆಂದರಲ್ಲಿ ನಿಂತಿರುತ್ತವೆ. ಆದರೂ ಸಂಜೆಯಾದರೆ ಜನವೋ ಜನ. ಕೆಳಗೆ ಮಲಯಾಳಿಯ ಗ್ರೋಸರಿ, ಪಾಕಿಸ್ತಾನಿ ಟೈಲರ್, ಇಸ್ತ್ರಿ ಅಂಗಡಿ, ಒಂದು ದಿರ್ಹಮ್ಮಿಗೆ ಚಾ ಕೊಡುತ್ತಿದ್ದ ಕೆಫೆಟೇರಿಯಾ, ಎರಡು ತಿರುವು ದಾಟಿದರೆ ಮಸೀದಿ. ಎತ್ತರದ ಕಟ್ಟಡಗಳ ನೆರಳು ಒಳಗಿನ ಓಣಿಗೆ ಬೀಳುತ್ತದೆ. ಒಂದೊಂದು ಫ್ಲಾಟಿನಲ್ಲಿ ಮೂರು ಕುಟುಂಬ ಹಂಚಿಕೊಂಡಿದ್ದ ಕಾಲ ನೋಡಿದ್ದೇನೆ, ಅದು ಸರಿ ಎಂದು ಹೇಳುತ್ತಿಲ್ಲ. ಆದರೆ ಅಂಗಡಿಯವನು ಅಂಗಡಿಯ ಹತ್ತಿರವೇ ಮಲಗುತ್ತಿದ್ದ. ಹಾಗಾಗಿ ಊರು ಕಾಲ ಮೇಲೆ ನಡೆಯುತ್ತಿತ್ತು.

ಮಸ್ದರ್‌ನಲ್ಲಿ ಈಗ ಪರಿಸ್ಥಿತಿ ಸುಧಾರಿಸುತ್ತಿದೆ ಎಂದು ಹೇಳಲೇಬೇಕು. ಅಪಾರ್ಟ್‌ಮೆಂಟುಗಳು ಬಂದಿವೆ, ಮಾಲ್ ಬಂದಿದೆ, ಸಂಜೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ಅಪ್ಪ ಅಮ್ಮಂದಿರು ಕಾಣುತ್ತಾರೆ. 2009ರಲ್ಲೇ 10 ಮೆಗಾವ್ಯಾಟಿನ ಸೋಲಾರ್ ಸ್ಥಾವರ ಕೆಲಸ ಶುರುಮಾಡಿತ್ತು. ಇದೆಲ್ಲ ಒಳ್ಳೆಯದೇ. ಆದರೆ ಹೊಸ ಕಟ್ಟಡಗಳ ನಡುವೆ ರಸ್ತೆ ಅಗಲವಾಗಿದೆ, ಬಿಸಿಲು ಮತ್ತೆ ನೆಲಕ್ಕೆ ಬಿದ್ದಿದೆ. ಮೊದಲು ಕಟ್ಟಿದ ಆ ಒಂದು ಚೂರಿನ ತಂಪು ಅಲ್ಲಿ ಇಲ್ಲ. ಸೌದಿಯವರು 170 ಕಿಲೋಮೀಟರ್ ಉದ್ದದ ಗೆರೆಯಂಥ ಊರಿನ ಚಿತ್ರ ತೋರಿಸಿದಾಗಲೂ ನನಗೆ ಅನಿಸಿದ್ದು ಇಷ್ಟೇ: ಹಳೇ ಊರುಗಳು ಒಂದು ಓಣಿ ತುಂಬಿದ ಮೇಲೆ ಇನ್ನೊಂದು ಓಣಿ ಕಟ್ಟಿದವು. ಇವರು ಯಾಕೆ ಹಾಗೆ ಮಾಡಬಾರದು?

ಮರದ ಬಗ್ಗೆ ಒಂದು ಮಾತು. ಇಲ್ಲಿ ಕುಡಿಯುವ ನೀರು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು, ಅದಕ್ಕೆ ತುಂಬಾ ಶಕ್ತಿ ಬೇಕು. ಹುಲ್ಲುಹಾಸು ಹಾಕಿ ಹಸಿರು ಊರು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಘಾಫ್ ಮರ ನೆಡಲಿ. ಬೇರು ಹತ್ತಾರು ಮೀಟರ್ ಕೆಳಗಿಳಿದು ತನ್ನ ನೀರು ತಾನೇ ಹುಡುಕಿಕೊಳ್ಳುತ್ತದೆ. 2008ರಲ್ಲಿ ಅದನ್ನು ಈ ದೇಶದ ರಾಷ್ಟ್ರೀಯ ಮರ ಎಂದು ಘೋಷಿಸಿದರು. ನಾವು ಶಮೀ ವೃಕ್ಷ ಎಂದು ಪೂಜೆ ಮಾಡುವುದು ಇದೇ ಮರವನ್ನು. ಅಮ್ಮನಿಗೆ ಇದನ್ನು ಹೇಳಿದ್ದೇ ತಡ, ರಸ್ತೆ ಬದಿಯ ಮರದಿಂದ ನಾಲ್ಕು ಎಲೆ ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡರು.

ತಂಗಿಯ ಮಗಳಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ಗಾಳಿಗೋಪುರ ಆಮೇಲೆ ಬರೆ. ಸೋಲಾರ್ ಆಮೇಲೆ ಬರೆ. ಮೊದಲು ಜುಲೈ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಎಲ್ಲೆಲ್ಲಿ ನೆರಳು ಬೀಳುತ್ತದೆ ನೋಡಿ ಓಣಿ ಬರೆ. ಆಮೇಲೆ ಆ ಊರನ್ನು ಗುಡಿಸುವವರು, ಚಾ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಹೆಸರು ಹಿಡಿದು ಗುರುತು ಮಾಡು. ಅವರ ಬಾಡಿಗೆ ಅವರ ಸಂಬಳಕ್ಕೆ ಹೊಂದಬೇಕು. ಅದು ನಿನ್ನ ನಕ್ಷೆಯ ಭಾಗ ಅಲ್ಲ ಎಂದು ಮೇಷ್ಟ್ರು ಹೇಳಿದರೂ ಬಿಡಬೇಡ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ನ ನಕ್ಷೆಯಲ್ಲಿ ಅವರೆಲ್ಲ ಬಸ್ ಡಿಪೋದಿಂದ ಬರ್ತಾರೆ ಮಾವ" ಅಂದಳು.

ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಹೊಸ ನಕ್ಷೆ ಕಳಿಸಿದ್ದಾಳೆ. ಡಿಪೋ ಚಿಕ್ಕದಾಗಿದೆ. ಅಂಗಡಿ ಸಾಲಿನ ಮೇಲೆ ಒಂದು ಕೋಣೆ, ಎರಡು ಕೋಣೆಯ ಮನೆಗಳು ಬಂದಿವೆ. ಒಂದು ಮನೆಗೆ ಕೆಂಪು ಪೆನ್ನಿನಲ್ಲಿ "ಗುಡಿಸುವವರು" ಎಂದು ಬರೆದು, ಅಲ್ಲಿಂದ ಅಂಗಳಕ್ಕೆ ಬಾಣ ಎಳೆದು "6 ನಿಮಿಷ" ಎಂದು ಹಾಕಿದ್ದಾಳೆ. ಆ ಆರು ನಿಮಿಷದ ದಾರಿಯಲ್ಲಿ ಒಂದು ಕಡೆ ಓಣಿ ಪೂರ್ತಿ ಬಿಸಿಲಿಗೆ ತೆರೆದುಕೊಂಡಿದೆ. ಇವತ್ತು ಸಂಜೆ ಫೋನ್ ಮಾಡಿ ಹೇಳಬೇಕು.